ಮೊಟ್ಟೆಯ ಪಟ್ಟಿ

ಕಳೆದ ತಿಂಗಳು ಸಿದ್ದಾಪುರಕ್ಕೆ ಹೊರಟಿದ್ದ ಬಸ್ಸು ನೆಲ್ಯಹುದಿಕೇರಿಯಲ್ಲಿ ಕೆಟ್ಟು ನಿಂತಿತು. ಇನ್ನೊಂದು ಬಸ್ಸು ಬರಲು ಮುಕ್ಕಾಲು ಗಂಟೆಯಾದರೂ ಆಗುತ್ತದೆಂದು ಕಂಡಕ್ಟರು ಹೇಳಿದರು. ಮಳೆ ಜೋರಾಗಿದ್ದರಿಂದ ಎಲ್ಲರೂ ಎದುರಿನ ಹೋಟೆಲಿಗೆ ನುಗ್ಗಿದರು. ನಾನು ಬಾಗಿಲ ಹತ್ತಿರ ಕೊಡೆ ಮಡಚುತ್ತಿದ್ದಾಗ ಒಳಗಿಂದ ಹುರಿದ ತೆಂಗಿನಕಾಯಿ, ಈರುಳ್ಳಿ ಮತ್ತು ಬೇಯಿಸಿದ ಮೊಟ್ಟೆಯ ವಾಸನೆ ಬಂತು. ನಾನು ಮೊಟ್ಟೆ ತಿನ್ನುವವಳಲ್ಲ. ಆದರೂ ಆ ಹೋಟೆಲಿನ ಮೊಟ್ಟೆ ಸಾರಿನ ವಾಸನೆಯನ್ನು ಎಲ್ಲಿದ್ದರೂ ಗುರುತಿಸಬಲ್ಲೆ. ನಾಲ್ಕು ವರ್ಷದ ಹಿಂದೆ ಒಂದು ಇಡೀ ಮಳೆಗಾಲವನ್ನೂ ಅದರ ಬೆನ್ನಿಗೆ ಬಂದ ಚಳಿಯನ್ನೂ ಅದೇ ಸಾರಿನ ವಿಚಾರಕ್ಕೆ ಕಳೆದಿದ್ದೇನೆ. ಗಲ್ಲಾದಲ್ಲಿದ್ದ ಮೊಯ್ದು ಕಾಕ ಕನ್ನಡಕ ಮೇಲೆತ್ತಿ ನನ್ನನ್ನು ನೋಡಿ, “ಎಂಥ ಮೇಡಂ, ಇವತ್ತು ಎಷ್ಟು ಮೊಟ್ಟೆ?” ಎಂದರು. ನಗು ಬಂತು. ಅದರ ಹಿಂದೆಯೇ, ಆರಿತೆಂದು ನಾನು ತಿಳಿದಿದ್ದ ಸಿಟ್ಟೂ ಬಂತು.

ಆ ವರ್ಷ ನಾನು ಮೈಸೂರಿನಲ್ಲಿ ಕಾನೂನಿನ ಸ್ನಾತಕೋತ್ತರ ಓದು ಮುಗಿಸಿ ಮಡಿಕೇರಿಗೆ ಮರಳಿದ್ದೆ. ಕಾಡಿನ ಜನರ ನಡುವೆ ಕೆಲಸ ಮಾಡುವ ಒಂದು ಸಂಸ್ಥೆ ಆರು ತಿಂಗಳ ಮಟ್ಟಿಗೆ ನನ್ನನ್ನು ತೆಗೆದುಕೊಂಡಿತು. ಮೂಲನಿವಾಸಿಗಳ ಹಕ್ಕುಗಳ ಬಗ್ಗೆ ಜಗತ್ತಿನ ದೇಶಗಳು ಸೇರಿ ಒಪ್ಪಿದ ಘೋಷಣೆಯನ್ನು ತಿಳಿಯಾದ ಕನ್ನಡಕ್ಕೆ ತರುವುದು, ಅದನ್ನು ಅವರ ಪುಟ್ಟ ಹಳ್ಳಿಗಳಾದ ಹಾಡಿಗಳಲ್ಲಿ ಓದಿ ಹೇಳುವುದು, ಜನ ಏನೆಂದರೋ ಅದನ್ನು ಬರೆದು ಕಳಿಸುವುದು ನನ್ನ ಕೆಲಸ. ನಾನು ಬರೆದದ್ದು ಮೈಸೂರಿನ ಕಚೇರಿಯಲ್ಲಿ ಇಂಗ್ಲಿಷಾಗಿ, ಇನ್ನೊಂದು ದೊಡ್ಡ ವರದಿಯೊಳಗೆ ಸೇರಿ, ಜಿನೀವಾದ ಯಾವುದೋ ಸಮಿತಿಯ ಮುಂದೆ ಹೋಗುತ್ತದೆ ಎಂದು ಸಂಸ್ಥೆಯ ಮುಖ್ಯಸ್ಥ ಪ್ರಸಾದ್ ಸರ್ ಹೇಳಿದ್ದರು. ನನಗೆ ಜನರೆದುರು ನಿಂತು ಮಾತಾಡುವುದು ಮೊದಲಿನಿಂದಲೂ ಕಷ್ಟ. ಅನುವಾದ ಇದೆಯಲ್ಲ ಎಂಬ ಆಸೆಗೆ ಒಪ್ಪಿಕೊಂಡೆ.

ಜೂನಿನಲ್ಲಿ ಮಳೆ ಹಿಡಿಯಿತು. ಕಿಟಕಿಯಾಚೆ ಮಂಜು, ಈಚೆ ನಾನು ಮತ್ತು ಆ ಘೋಷಣೆಯ ನಲವತ್ತಾರು ಕಲಮುಗಳು. ಕೆಲಸ ಮಾಡುತ್ತ ಹೋದಂತೆ ರೇಗುತ್ತಿತ್ತು. ಇಂಥ ಜನರ ಬಗೆಗಿನ ಹಳೆಯ ಒಡಂಬಡಿಕೆಯೊಂದಕ್ಕೆ ನಮ್ಮ ದೇಶದ ಸಹಿ ಇದೆ. ಅದನ್ನು ತಿದ್ದಿ ಮಾಡಿದ ಹೊಸದಕ್ಕೆ ಇಲ್ಲ. ಘೋಷಣೆಯ ಪರವಾಗಿ ಮತ ಹಾಕಿದ್ದೇವೆ, ಆದರೆ ಘೋಷಣೆ ಕಾನೂನಲ್ಲ. ಅದೂ ಅಲ್ಲದೆ ಈ ದೇಶದಲ್ಲಿ ಎಲ್ಲರೂ ಮೂಲನಿವಾಸಿಗಳೇ ಎಂಬುದು ಸರಕಾರದ ನಿಲುವು. ಹಾಗಾದರೆ ಇದು ಯಾರಿಗೆ? ಮೂವತ್ತು ವರ್ಷ ಗುಮಾಸ್ತರಾಗಿ ನಿವೃತ್ತರಾದ ಅಪ್ಪ ನನ್ನ ಕರಡು ಓದಿ, “ಕನ್ನಡ ಚೆನ್ನಾಗುಂಟು ಮಗಳೇ, ಯಾವ ಫೈಲಿಗೆ ಹಾಕುವುದು ಅಂತ ಮಾತ್ರ ಗೊತ್ತಾಗ್ಲಿಲ್ಲ” ಎಂದರು.

ಹತ್ತನೆಯ ಕಲಮಿನ ಹತ್ತಿರ ನಾನು ಒಂದು ವಾರ ಸಿಕ್ಕಿಕೊಂಡೆ. ಜನರನ್ನು ಅವರ ನೆಲದಿಂದ ಬಲವಂತವಾಗಿ ಎಬ್ಬಿಸಬಾರದು, ಎಬ್ಬಿಸುವ ಮೊದಲೇ ಎಲ್ಲ ತಿಳಿಸಿ, ಯಾವ ಒತ್ತಡವೂ ಇಲ್ಲದೆ ಅವರ ಒಪ್ಪಿಗೆ ಪಡೆಯಬೇಕು ಎನ್ನುವ ಕಲಮು ಅದು. ನಾನು ಹೋಗಬೇಕಾದ ಹಾಡಿಗೆ ನೇರವಾಗಿ ತಾಗುತ್ತಿದ್ದದ್ದೂ ಅದೊಂದೇ. ಹೊಳೆಯಾಚೆ, ಕಾಡಿನೊಳಗೆ ಎರಡು ಮೈಲಿ ದೂರದ ಜೇನುಕುರುಬರ ಹಾಡಿ. ಬಿದಿರಿನ ತಡಿಕೆಗೆ ಮಣ್ಣು ಮೆತ್ತಿದ, ಮೇಲೆ ನೀಲಿ ಟಾರ್ಪಾಲು ಹೊದ್ದ ಇಪ್ಪತ್ತೆರಡು ಮನೆಗಳು. ಅವರನ್ನು ಕಾಡಿನಿಂದ ಹೊರಗೆ, ರಸ್ತೆ ಬದಿಯ ಸಿಮೆಂಟು ಮನೆಗಳ ಕಾಲೊನಿಗೆ ಕಳಿಸಬೇಕೆಂದು ಒಂದು ಕಚೇರಿ ಯೋಜನೆ ಹಾಕಿತ್ತು. ಕಾಗದದಲ್ಲಿ ಅದಕ್ಕೆ ಸ್ವಇಚ್ಛೆಯ ಸ್ಥಳಾಂತರ ಎಂದು ಹೆಸರು. ಹಾಡಿಯವರ ಲಿಖಿತ ಒಪ್ಪಿಗೆ ಇಲ್ಲದೆ ಕಡತ ಮುಂದೆ ಹೋಗುವಂತಿರಲಿಲ್ಲ. ಹಾಡಿಯವರು ಒಪ್ಪಿರಲಿಲ್ಲ.

ಮೊದಲ ಸಲ ಹೋದಾಗ ಅಲ್ಲಿ ಸಾವಾಗಿತ್ತು. ಹಾಡಿಯ ಹಿರಿಯಳು ಸೋಮಜ್ಜಿಯ ತಮ್ಮ ಚೆಲುವ ತೀರಿಕೊಂಡು ಎಂಟು ದಿನ. ಸೋಮಜ್ಜಿ, ಅವಳ ಗಂಡ ಕೆಂಚಜ್ಜ, ಮಗಳು, ಅಳಿಯ, ಚೆಲುವನ ಹೆಂಡತಿ, ಹೀಗೆ ಐದು ಜನ ಒಂದೇ ಮನೆಯಲ್ಲಿ ಒಲೆಯ ಸುತ್ತ ಕೂತಿದ್ದರು. ನಾನು ವಾಪಸು ಹೊರಟೆ. ಸೋಮಜ್ಜಿ, “ಬಂದೋಳು ಕೂತ್ಕೋ ಮಗಾ, ಮಳೇಲಿ ಎಲ್ಲೋಗ್ತೀಯ” ಎಂದು ಚಾಪೆ ಸರಿಸಿದಳು. ಕೆಂಚಜ್ಜ ತಲೆ ತಗ್ಗಿಸಿ ಒಲೆಗೆ ಸೌದೆ ನೂಕುತ್ತಿದ್ದ. ಅವನು ಆ ಹಾಡಿಯಲ್ಲಿ ದೊಡ್ಡ ಮರಗಳ ಜೇನು ಇಳಿಸುತ್ತಿದ್ದ ಕೊನೆಯವನು. ಚೆಲುವ ಹೋದ ಮೇಲೆ ಇನ್ನು ಮರ ಹತ್ತುವುದಿಲ್ಲವೆಂದು ಹೇಳಿಬಿಟ್ಟಿದ್ದನಂತೆ. ಯಾಕೆಂದು ಕೇಳಿದೆ. ಉತ್ತರ ಸೋಮಜ್ಜಿಯಿಂದ ಬಂತು.

“ಮರ ಹತ್ತೋನ ಹಗ್ಗ ಹೆಂಡ್ತಿ ಅಣ್ಣ ತಮ್ಮದೀರು ಹಿಡೀಬೇಕು. ಅವನ ಒಡಹುಟ್ಟಿದೋನು ಹಿಡಿಯಂಗಿಲ್ಲ.”

ಒಡಹುಟ್ಟಿದವನಿಗಿಂತ ಹತ್ತಿರದವರು ಯಾರಿದ್ದಾರೆ ಎಂದೆ.

“ಅಣ್ಣ ಬಿದ್ರೆ ತಮ್ಮಂಗೆ ಒಂದು ಪಾಲು ಜಾಸ್ತಿ. ಗಂಡ ಬಿದ್ರೆ ಮುಂಡೆ ಆಗೋಳು ನಾನು, ಹಗ್ಗ ಹಿಡ್ದೋನ ಅಕ್ಕ. ಅದಕ್ಕೇ ಅವ ಹಗ್ಗ ಬಿಡಲ್ಲ.”

ಒಂದು ವಾರದಿಂದ ಒಪ್ಪಿಗೆ, ಸಮ್ಮತಿ, ಅನುಮತಿ ಎಂದು ಪದಗಳನ್ನು ತೂಗುತ್ತಿದ್ದ ನಾನು ಉತ್ಸಾಹ ತಾಳಲಾರದೆ ಚೀಲದಿಂದ ಕರಡು ತೆಗೆದು ಹತ್ತನೆಯ ಕಲಮನ್ನು ಅಲ್ಲೇ ಓದಿದೆ. ಇದು ನಿಮ್ಮ ಹಗ್ಗದ ಹಾಗೆಯೇ, ನೀವು ಬೀಳದಂತೆ ಹಿಡಿಯಲು ಮಾಡಿದ್ದು ಎಂದೆ. ಸೋಮಜ್ಜಿ ಗಮನವಿಟ್ಟು ಕೇಳಿದಳು.

“ಈ ಹಗ್ಗ ಯಾರ ಕೈಲಿ ಅದೆ?”

“ಎಲ್ಲ ದೇಶಗಳ ಕೈಯಲ್ಲಿ.”

“ಅವ್ರಲ್ಲಿ ಯಾರ ಅಕ್ಕ ಇಲ್ಲಿ ಅವ್ಳೆ?”

ಕೆಂಚಜ್ಜ ಆ ದಿನ ಮೊದಲ ಸಲ ತಲೆಯೆತ್ತಿ ನನ್ನನ್ನು ನೋಡಿದ. ನಾನು ಕರಡು ಮಡಚಿ ಚೀಲಕ್ಕೆ ಹಾಕಿದೆ.

ಆಗಸ್ಟಿನಲ್ಲಿ ಘೋಷಣೆ ಓದಿ ಹೇಳಲು ಹಾಡಿಯ ಸಭೆ ಇಟ್ಟೆವು. ಎಸ್ಟೇಟಿನ ಕೆಲಸಕ್ಕೆ ಹೋಗುವವರು ಒಂದು ದಿನ ಬಿಟ್ಟು ಬರಬೇಕಾದರೆ ಊಟವಾದರೂ ಹಾಕಬೇಕೆಂದು ನಾನೇ ಪ್ರಸಾದ್ ಸರ್‌ಗೆ ಬರೆದಿದ್ದೆ. ಅನ್ನ, ಮೊಟ್ಟೆ ಸಾರು ಮೊಯ್ದು ಕಾಕನ ಹೋಟೆಲಿನಿಂದ ಜೀಪಿನಲ್ಲಿ ಬರುವುದೆಂದು ಗೊತ್ತಾಯಿತು. ಬೆಳಿಗ್ಗೆ ಹತ್ತಕ್ಕೆ ಕಾಕನ ಫೋನು. ಸಿಗ್ನಲ್ ಸಿಗುವ ಬಂಡೆಯ ಮೇಲೆ ನಿಂತು ಕೇಳಿಸಿಕೊಂಡೆ. ಸರಿಯಾದ ಲೆಕ್ಕ ಬೇಕು, ಮೊಟ್ಟೆ ಒಬ್ಬರಿಗೆ ಒಂದು, ಹೆಚ್ಚು ಬೇಯಿಸಿ ದಂಡ ಮಾಡುವುದಿಲ್ಲ ಎಂದರು. ನನ್ನ ಹತ್ತಿರ ಹಾಜರಿ ಹಾಳೆಗಳಿದ್ದವು. ಸಂಸ್ಥೆಯ ಹೆಸರು, ಸಭೆಯ ಉದ್ದೇಶ, ತಾರೀಕು ಎಲ್ಲ ಮೊದಲ ಹಾಳೆಯಲ್ಲಿ. ಹೆಸರು ಮತ್ತು ಹೆಬ್ಬೆಟ್ಟು ಮುಂದಿನ ಎರಡು ಹಾಳೆಗಳಲ್ಲಿ. ಆ ಎರಡರ ಬಲಬದಿಗೆ ನಾನು ಸ್ಕೇಲಿಟ್ಟು ಇನ್ನೊಂದು ಗೆರೆ ಎಳೆದೆ. ಒಬ್ಬೊಬ್ಬರನ್ನೂ ಕೇಳಿ, ಮೊಟ್ಟೆ ಬೇಕೆಂದವರ ಎದುರು ಸರಿ ಗುರುತು, ಬೇಡವೆಂದವರ ಎದುರು ತಪ್ಪು ಗುರುತು ಹಾಕಿದೆ. ಬೇಡವೆಂದವರು ಸೋಮಜ್ಜಿಯ ಮನೆಯ ಐವರು ಮಾತ್ರ. ಮಳೆ ಮುಗಿದು ಸತ್ತವನ ಕಾರ್ಯ ಆಗುವ ತನಕ ಆ ಮನೆಯವರು ಮೊಟ್ಟೆ, ಮಾಂಸ ಮುಟ್ಟುವಂತಿರಲಿಲ್ಲ. ನಲವತ್ತಾರು ಜನರಿಗೆ ನಲವತ್ತೊಂದು ಮೊಟ್ಟೆ. ಕಲಮುಗಳಷ್ಟೇ ಜನ ಬಂದಿದ್ದಾರಲ್ಲ ಎಂದು ನನಗೆ ಒಳಗೊಳಗೇ ಖುಷಿಯಾಯಿತು.

ಬಲಬದಿಯ ಆ ಅಂಕಣದ ತಲೆಯಲ್ಲಿ ನಾನು ಏನೂ ಬರೆಯಲಿಲ್ಲ. ಅದೇನೆಂದು ನನಗೆ ಗೊತ್ತಿತ್ತು, ಹಾಗಾಗಿ ಬರೆಯಲಿಲ್ಲ. ಅಡಿಟಿಪ್ಪಣಿಯ ಅಲ್ಪವಿರಾಮವನ್ನೂ ಬಿಡದೆ ತಿದ್ದುವವಳು ನಾನು!

ಕಾಡಿನೊಳಗೆ ಸಭೆ ನಡೆಸಲು ಅನುಮತಿ ಕೊಟ್ಟದ್ದು ಸ್ಥಳಾಂತರದ ಯೋಜನೆ ಹಾಕಿದ್ದ ಅದೇ ಕಚೇರಿ. ಅದರ ಷರತ್ತಿನಂತೆ ಸಭೆಯ ಎಲ್ಲ ಕಾಗದಗಳ ಪ್ರತಿಯನ್ನು ವಾರದೊಳಗೆ ಅಲ್ಲಿಗೆ ಒಪ್ಪಿಸಬೇಕಿತ್ತು. ಬೇರೆಯವರಾಗಿದ್ದರೆ ಮರೆಯುತ್ತಿದ್ದರು. ನಾನು ಮೂರನೆಯ ದಿನವೇ ಕೊಟ್ಟು, ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬಂದೆ.

ಸೆಪ್ಟೆಂಬರಿನ ಕೊನೆಗೆ ಮಳೆ ಸ್ವಲ್ಪ ಕೈಬಿಟ್ಟಿತು. ಅನುವಾದದ ಅಚ್ಚಾದ ಪ್ರತಿಗಳನ್ನು ಹಿಡಿದು ಹಾಡಿಗೆ ಹೋದಾಗ ಸೋಮಜ್ಜಿ ಅಂಗಳದಲ್ಲಿ ಗೆಣಸು ಒಣಗಿಸುತ್ತಿದ್ದಳು. ನನ್ನನ್ನು ನೋಡಿದವಳೇ, “ಮೊಟ್ಟೆ ತಿನ್ನದಿದ್ರೆ ಜೀಪು ಬತ್ತದೆ ಅಂತ ನೀ ಹೇಳ್ನೇ ಇಲ್ಲ ಮಗಾ” ಎಂದಳು. ನನಗೆ ಅರ್ಥವಾಗಲಿಲ್ಲ. ಅವಳು ಗೆಣಸು ತಿರುವುತ್ತಲೇ ಹೇಳಿದಳು.

“ಮೂರು ಜನ ಜೀಪಲ್ಲಿ ಬಂದಿದ್ರು. ಹಾಳೆ ತೋರ್ಸಿ, ಎಲ್ರೂ ಬೇಕು ಅಂದವ್ರೆ, ನಿಮ್ಮನೆ ಐದು ಜನ ಮಾತ್ರ ಬೇಡ ಅಂದಿದ್ದೀರಿ, ಯಾಕೆ ಅಂದ್ರು. ಸಾವಾಗ್ಯದೆ ಸಾಮಿ, ಕಾರ್ಯ ಆಗೋಗಂಟ ಬೇಡ, ಆಮೇಲೆ ಆಗ್ಬೋದು ಅಂದೆ. ಬರ್ಕೊಂಡು ಹೋದ್ರು. ಒಂದು ಮೊಟ್ಟೆಗೆ ಮೂರು ಜನ!”

ಅವಳ ಮಗಳು ಒಳಗಿಂದ ನಕ್ಕಳು. ಆ ಹಾಳೆ ನನ್ನದೇ ಎಂದು ನನಗೆ ಹೊಳೆಯಿತು. ಎರಡು ಮೈಲಿ ಕೆಸರಿನಲ್ಲಿ ನಡೆದು, ಬಸ್ಸು ಹಿಡಿದು, ಮರುದಿನ ಬೆಳಿಗ್ಗೆ ಆ ಕಚೇರಿಯ ಬಾಗಿಲು ತೆರೆಯುವ ಮೊದಲೇ ಅಲ್ಲಿ ನಿಂತಿದ್ದೆ.

ಕಡತ ನೋಡಲು ನಾಲ್ಕು ದಿನ ಓಡಾಡಬೇಕಾಯಿತು. ಅದರಲ್ಲಿ ನನ್ನ ಎರಡು ಹಾಳೆಗಳಿದ್ದವು, ನನ್ನ ಕೈಬರಹ, ಸ್ಕೇಲಿಟ್ಟು ಎಳೆದ ಗೆರೆಗಳು. ಮೊದಲ ಹಾಳೆ ಇರಲಿಲ್ಲ. ಅದರ ಜಾಗದಲ್ಲಿ, ಸ್ಥಳಾಂತರಕ್ಕೆ ಹಾಡಿಯ ನಿವಾಸಿಗಳ ಒಪ್ಪಿಗೆ ಎಂದು ಟೈಪು ಮಾಡಿದ ಬೇರೊಂದು ಹಾಳೆ. ನಲವತ್ತೊಂದು ಮಂದಿ ಒಪ್ಪಿದ್ದಾರೆ, ಐವರು ವಿರೋಧಿಸಿದ್ದಾರೆ. ಕೆಳಗೆ ಹೊಸ ಟಿಪ್ಪಣಿ: ವಿರೋಧಿಸಿದ ಐವರನ್ನು ಖುದ್ದಾಗಿ ಭೇಟಿ ಮಾಡಲಾಗಿದ್ದು, ಮನೆಯಲ್ಲಿ ಮರಣ ಸಂಭವಿಸಿದ ಕಾರಣ ಸದ್ಯ ಬೇಡವೆಂದೂ, ಕಾರ್ಯ ಮುಗಿದ ನಂತರ ಒಪ್ಪುವುದಾಗಿಯೂ ತಿಳಿಸಿರುತ್ತಾರೆ. ಮೊದಲ ಹಾಳೆಯನ್ನು ತೆಗೆದವರು ಯಾರೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಬೇಕೆಂದೇ ತೆಗೆದರೋ, ಬಿಡಿ ಹಾಳೆಗಳನ್ನು ಯಾರೋ ಅವಸರದಲ್ಲಿ ಎತ್ತಿ ಹೊಲಿದರೋ. ಕೇಳಿದರೆ ಪ್ರತಿಯೊಬ್ಬರೂ ಪಕ್ಕದ ಮೇಜನ್ನು ತೋರಿಸಿದರು. ಗುಮಾಸ್ತರೊಬ್ಬರು ಸಮಾಧಾನದಿಂದಲೇ, “ನಿಮ್ಮದೇ ಬರಹ ಅಲ್ವಾ ಮೇಡಂ ಇದು? ಹೆಬ್ಬೆಟ್ಟೂ ಅವರದ್ದೇ ಅಲ್ವಾ? ಮತ್ತೆ ಸಮಸ್ಯೆ ಎಂಥದು?” ಎಂದರು.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವರು ಬೈಯುತ್ತಾರೆಂದುಕೊಂಡಿದ್ದೆ. “ಹಾಳೆ ಹಾಳೆಗೂ ತಲೆಬರಹ ಹಾಕ್ಬೇಕು ಅಂತ ನಿಮ್ಮ ಯೂನಿವರ್ಸಿಟಿಲಿ ಕಲಿಸಲ್ವಾ?” ಎಂದಷ್ಟೇ ಕೇಳಿ, ಸ್ವಲ್ಪ ಹೊತ್ತಿನ ಮೇಲೆ, ಪ್ರಮಾಣಪತ್ರದ ಮಾದರಿಯೊಂದನ್ನು ಹಳೆಯ ಪೆಟ್ಟಿಗೆಯಿಂದ ಹುಡುಕಿ ತಂದು ನನ್ನ ಮೇಜಿನ ಮೇಲಿಟ್ಟರು.

ಆ ಹಾಳೆಗಳು ಊಟದ ಪಟ್ಟಿ ಎಂದು ನಾನು ನನ್ನ ಹೆಸರು ಹಾಕಿ ಪ್ರಮಾಣ ಮಾಡಿ ಹೇಳಬೇಕಿತ್ತು. ಅಷ್ಟು ಮಾಡಿದರೆ ಮುಗಿಯುತ್ತಿತ್ತೇನೋ, ಅದೇ ಎರಡು ಹಾಳೆಗಳು ಇನ್ನೊಂದು ಕಡೆಗೂ ಹೋಗದೇ ಇದ್ದಿದ್ದರೆ. ಮೈಸೂರಿಗೆ ಫೋನು ಮಾಡಿದಾಗ ಪ್ರಸಾದ್ ಸರ್ ಎಲ್ಲ ಕೇಳಿ, “ಅನ್ಯಾಯ, ದೊಡ್ಡ ಅನ್ಯಾಯ” ಎಂದರು. ಪ್ರಮಾಣಪತ್ರದ ಮಾತು ಬಂದಾಗ ಅವರ ದನಿ ಬೇರೆಯಾಯಿತು. ಜಿನೀವಾಕ್ಕೆ ಹೋಗುವ ವರದಿಯಲ್ಲಿ ಅವೇ ಹಾಳೆಗಳನ್ನು, ನಲವತ್ತಾರು ಮಂದಿ ಘೋಷಣೆಯನ್ನು ಚರ್ಚಿಸಿ ಬಹುಮತದಿಂದ ಅನುಮೋದಿಸಿದ್ದಕ್ಕೆ ಪುರಾವೆಯಾಗಿ ಸೇರಿಸಿದ್ದರು. ಸರಿ ಗುರುತುಗಳೆಲ್ಲ ಅನುಮೋದನೆ. ಐದು ತಪ್ಪು ಗುರುತುಗಳ ಬಗ್ಗೆ, ಭಿನ್ನಾಭಿಪ್ರಾಯವನ್ನೂ ಗೌರವಿಸಲಾಯಿತು ಎಂದು ಒಂದು ವಾಕ್ಯ.

“ಸರ್, ಅದು ಮೊಟ್ಟೆ” ಎಂದೆ.

“ನೋಡಿ, ಆ ಪದವನ್ನು ನೀವು ಕಾಗದದ ಮೇಲೆ ಬರೆದರೆ ನಮ್ಮ ಎರಡು ವರ್ಷದ ಕೆಲಸಕ್ಕೆ ನಗ್ತಾರೆ. ಸ್ವಲ್ಪ ದೊಡ್ಡದಾಗಿ ಯೋಚನೆ ಮಾಡಿ.”

ದೊಡ್ಡದಾಗಿ ಯೋಚನೆ ಮಾಡುವವರ ಕಾಟ ನನಗೆ ಆ ವರ್ಷ ಸಾಕಾಗಿತ್ತು. ಒಂದು ಕಡೆಯವರು ಹಾಡಿಯನ್ನು ಎಬ್ಬಿಸಲು ಆ ಹಾಳೆಗಳನ್ನು ಹಿಡಿದಿದ್ದರು, ಇನ್ನೊಂದು ಕಡೆಯವರು ಎಬ್ಬಿಸಬಾರದೆನ್ನಲು ಅವನ್ನೇ ಹಿಡಿದಿದ್ದರು. ಹೆಬ್ಬೆಟ್ಟು ಒತ್ತಿದವರನ್ನು ಇಬ್ಬರೂ ಆ ಬಗ್ಗೆ ಕೇಳಿರಲಿಲ್ಲ. ನಾನೂ ಕೇಳಿದ್ದು ಮೊಟ್ಟೆ ಬೇಕೋ ಬೇಡವೋ ಎಂದು ಮಾತ್ರ. ಆ ಪಟ್ಟಿಯಲ್ಲಿ ಪ್ರಾಮಾಣಿಕವಾದ ಪ್ರಶ್ನೆ ಅದೊಂದೇ ಆಗಿತ್ತು.

ನನ್ನ ಮಾತೊಂದೇ ಸಾಲದು, ಆಧಾರ ಬೇಕೆಂದು ಅಪ್ಪ ಹೇಳಿದ್ದರಿಂದ ನೆಲ್ಯಹುದಿಕೇರಿಗೆ ಹೋದೆ. ಮೊಯ್ದು ಕಾಕ ದಿನದ ಆರ್ಡರುಗಳನ್ನು ಅವತ್ತಿನ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದು, ಹರಿದು, ತಂತಿಗೆ ಚುಚ್ಚಿಡುತ್ತಿದ್ದರು. ತಂತಿ ಕೆಳಗಿಳಿಸಿ, ಹೊಗೆ ಹಿಡಿದ ಹಾಳೆಗಳನ್ನು ಒಂದೊಂದಾಗಿ ತಿರುವಿ, ಆಗಸ್ಟಿನ ಆ ದಿನವನ್ನು ಹುಡುಕಿ ಕೊಟ್ಟರು. ಹಿಂದೆ ಅವರ ಬರಹ: ಹಾಡಿ, ಊಟ 46, ಮೊಟ್ಟೆ 41, ಸಪ್ಪೆ 5. “ಕೋರ್ಟಿಗೆ ಬರ್ಲಿಕ್ಕೆ ಉಂಟಾ ನಾನು?” ಎಂದು ಕೇಳಿದರು. ಬೇಕಾಗಬಹುದು ಎಂದೆ. “ಬರುವ. ನಲವತ್ತೊಂದು ಬೇಯ್ಸಿದ್ದು ನಾನೇ ಅಲ್ವಾ” ಎಂದರು.

ನೋಟರಿ ನನ್ನ ಪ್ರಮಾಣಪತ್ರ ಓದುತ್ತ ಎರಡು ಸಲ ತಲೆಯೆತ್ತಿ ನನ್ನ ಮುಖ ನೋಡಿದರು. ಸರಿ ಗುರುತು ಎಂದರೆ ಬೇಯಿಸಿದ ಮೊಟ್ಟೆ ಒಂದು, ತಪ್ಪು ಗುರುತು ಎಂದರೆ ಮೊಟ್ಟೆ ಬೇಡ, ಇದರ ಹೊರತು ಬೇರೆ ಅರ್ಥವಿಲ್ಲ ಎಂದು ನಾನು ಸತ್ಯಪ್ರಮಾಣವಾಗಿ ಹೇಳಿದ್ದೆ. ಕ್ಯಾಲೆಂಡರ್ ಹಾಳೆಯನ್ನು ಲಗತ್ತಿಸಿದ್ದೆ. ಒಂದು ಪ್ರತಿಯನ್ನು ಕಚೇರಿಗೆ ಕೊಟ್ಟು, ಇನ್ನೊಂದನ್ನು ಮೈಸೂರಿಗೆ ಕಳಿಸಿದೆ. ಮೈಸೂರಿನಿಂದ ಎರಡೇ ಸಾಲಿನ ಉತ್ತರ ಬಂತು. ನನ್ನ ಸೇವೆಗೆ ಧನ್ಯವಾದ, ಅವಧಿಯನ್ನು ಮುಂದುವರಿಸುವುದಿಲ್ಲ. ವರದಿಯಲ್ಲಿ ಆ ಹಾಳೆಗಳನ್ನು ಉಳಿಸಿಕೊಂಡರೋ ತೆಗೆದರೋ ಯಾರೂ ನನಗೆ ಹೇಳಲಿಲ್ಲ. ಕಚೇರಿಯಲ್ಲಿ ಕ್ಯಾಲೆಂಡರ್ ಹಾಳೆ ದಾಖಲೆಯಾಗುತ್ತದೋ ಇಲ್ಲವೋ ಎಂಬ ಪ್ರಶ್ನೆಯ ಮೇಲೆ ಎರಡು ತಿಂಗಳು ಕಡತ ಮೇಜಿನಿಂದ ಮೇಜಿಗೆ ಹೋಯಿತು. ನಾನು ಹತ್ತೊಂಬತ್ತು ಸಲ ಆ ಮೆಟ್ಟಿಲು ಹತ್ತಿದೆ. ಘೋಷಣೆಯ ಹತ್ತನೆಯ ಕಲಮಿನ ಬಗ್ಗೆ ಯಾರೂ ಒಂದು ಮಾತೂ ಕೇಳಲಿಲ್ಲ. ಹೋದಲ್ಲೆಲ್ಲ ಮೊಟ್ಟೆಯ ಬಗ್ಗೆ ಕೇಳಿದರು. ಕೊನೆಗೆ, ಗೊಂದಲ ಇರುವುದರಿಂದ ಸಭೆಯನ್ನು ಹೊಸದಾಗಿ ನಡೆಸತಕ್ಕದ್ದು ಎಂದು ಒಂದು ಸಾಲಿನ ಆದೇಶವಾಯಿತು.

ಸಭೆ ಇಟ್ಟದ್ದು ಡಿಸೆಂಬರಿನಲ್ಲಿ, ಕಾಫಿ ಪಿಕ್ಕಿಂಗ್ ಭರದಲ್ಲಿದ್ದಾಗ, ಅದೂ ಕೆಲಸದ ದಿನ. ಅರ್ಧದಷ್ಟಾದರೂ ಜನ ಬರದಿದ್ದರೆ ಸಭೆಯೇ ನಡೆಯದು, ಹಳೆಯ ಹಾಳೆಯೇ ಉಳಿದೀತು. ನಾನು ರಾತ್ರಿಯೆಲ್ಲ ಅದನ್ನೇ ಲೆಕ್ಕ ಹಾಕಿ, ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. ಸಂಸ್ಥೆಯವಳಾಗಿ ಅಲ್ಲ, ಯಾರ ಪರವಾಗಿಯೂ ಅಲ್ಲ. ಹಾಡಿಯ ಅಂಗಳ ತುಂಬಿತ್ತು. ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಬೆಳಿಗ್ಗೆ ಕೆಲಸಕ್ಕೆ ಕರೆಯಲು ಬಂದು ಬೈದು ಹೋಗಿದ್ದನಂತೆ. ಮಳೆ ಮುಗಿದು ಚೆಲುವನ ಕಾರ್ಯವೂ ಆಗಿತ್ತು. ಸೋಮಜ್ಜಿ ಹೊಸ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು. ಸಭೆಗೆ ಕಚೇರಿಯವರೇ ಊಟ ತರಿಸಿದ್ದರು. ಮುಚ್ಚಳ ತೆಗೆಯುತ್ತಲೇ ಗೊತ್ತಾಯಿತು, ಮೊಯ್ದು ಕಾಕನ ಮೊಟ್ಟೆ ಸಾರು.

ಅಧಿಕಾರಿ ಮೊದಲು ಊಟವಾಗಲಿ ಎಂದರು. ಎಲ್ಲರೂ ಉಂಡರು. ಆಮೇಲೆ ಅವರು ಸಿಮೆಂಟು ಮನೆ, ನಲ್ಲಿ, ಶಾಲೆ ಎಂದೆಲ್ಲ ವಿವರಿಸಿದರು. ಒರಟಾಗಿ ಮಾತಾಡಿದರೆಂದು ನಾನು ಹೇಳಲಾರೆ. ಮಾತು ಮುಗಿಸಿ ಹೊಸ ಹಾಳೆಗಳನ್ನೂ ಮಸಿಯ ಡಬ್ಬಿಯನ್ನೂ ಮೇಜಿನ ಮೇಲಿಟ್ಟರು. ಹಾಳೆ ಹಾಳೆಗೂ ತಲೆಬರಹವಿರುವುದನ್ನು ನಾನು ದೂರದಿಂದಲೇ ನೋಡಿದೆ. ಯಾರೂ ಏಳಲಿಲ್ಲ. ಅಧಿಕಾರಿ ಕಡತ ತೆರೆದು, ಸೋಮಜ್ಜಿಯ ಕಡೆ ತಿರುಗಿ ಆತ್ಮೀಯವಾಗಿಯೇ ಕೇಳಿದರು.

“ಅಜ್ಜಿ, ಕಾರ್ಯ ಆದ ಮೇಲೆ ಆಗ್ಬೋದು ಅಂತ ನೀವೇ ಹೇಳಿದ್ರಿ. ಇಲ್ಲಿ ಬರೆದುಂಟು. ಕಾರ್ಯ ಆಯ್ತಲ್ಲ?”

“ಆಯ್ತು ಸಾಮಿ.”

“ಮತ್ತೆ ಕೊಟ್ಟ ಮಾತು?”

ಸೋಮಜ್ಜಿ ಎದ್ದು ಮೇಜಿನ ಹತ್ತಿರ ಬಂದಳು. ಅವರು ಮಸಿಯ ಡಬ್ಬಿಯ ಮುಚ್ಚಳ ತೆಗೆದು ಅವಳ ಕಡೆ ಸರಿಸಿದರು. ನನ್ನ ಪಕ್ಕದಲ್ಲಿ ಕೂತಿದ್ದ ಕೆಂಚಜ್ಜ ಕದಲಲಿಲ್ಲ. ಅವಳು ಬಲಗೈಯ ಹೆಬ್ಬೆರಳನ್ನು ಅವರ ಮುಖದ ಮುಂದೆ ಹಿಡಿದಳು. ಅದರ ಮೇಲೆ ಸಾರಿನ ಎಣ್ಣೆ ಇನ್ನೂ ಹೊಳೆಯುತ್ತಿತ್ತು.

“ಉಳಿಸ್ಕೊಂಡಿವ್ನಿ. ಒಂದು ಮೊಟ್ಟೆ ತಿಂದೆ. ಬರ್ಕೊಳಿ” ಎಂದಳು.

ಬೆರಳನ್ನು ಸೆರಗಿಗೆ ಒರೆಸಿಕೊಂಡು, ಮಸಿಯ ಡಬ್ಬಿಯನ್ನು ಅದು ಇದ್ದ ಜಾಗಕ್ಕೇ ಮೆಲ್ಲಗೆ ಸರಿಸಿ, ವಾಪಸು ಬಂದು ಕೂತಳು.